ಬ್ಯಾಕಪ್

"ಎಲ್ಲಾ ಅಳಿಸಿ ಹೋಗ್ತದ," ಅಂದ ವೈಜನಾಥ,
"ಯಾರದೇನು ಉಳಸೋದದ, ಈಗೇ ಹೇಳ್ರಿ."
ಪೆನ್ ಡ್ರೈವ್ ಹಲ್ಲಾಗ ಕಚ್ಚಿಕೊಂಡು
ಪರಸಿ ಮ್ಯಾಲ ಕೂತು ಕ್ಯಾಬಿನೆಟ್ ಬಿಚ್ಚಿದ್ದ.
ಒಳಗ ಬೊಗಸಿ ತುಂಬಾ ಸಿಮೆಂಟ್ ಧೂಳ.
ವಾಡಿಯೊಳಗ ಧೂಳಿಗಿ ಬಾಗಿಲ ಲೆಕ್ಕಿಲ್ಲ,
ಹಿಟ್ಟಿನ ಡಬ್ಬಿ, ಪಂಖ, ಪುಪ್ಪಸ, ಎಲ್ಲಾ ಅದರದೇ ಮನಿ.
ನನ್ನ ಹೊಲಗಿ ಮಷೀನಿನ ಬ್ರಶ್ ತಂದು ಕೊಟ್ಟೆ.

ಎಂಟು ವರ್ಷದ ಕಂಪ್ಯೂಟರ್.
ಹಳೀ ಕಂಪನಿಯವರು ದಿನಾ ಪರದಿ ಮ್ಯಾಲ ನೋಟೀಸ್ ಹಚ್ಚತಿದ್ರು:
ನಿಮ್ಮ ಯಂತ್ರ ನಾಲಾಯಕ್, ಹೊಸಾದು ತಗೋರಿ.
ನಾಲಾಯಕ್!
ಇದರ ಕಂತಿನ ಸಲುವಾಗಿ ಎಷ್ಟು ಕುಪ್ಪಸ ಹೊಲದೀನಿ,
ಎಷ್ಟು ಸರ್ತಿ ಸೂಜಿ ಬೆರಳಾಗ ಇಳದದ,
ಅವರಿಗೇನು ಗೊತ್ತು.
ಸ್ಟೇಷನ್ ಬಾಜೂಕ ಅಂಗಡಿ ಇಟ್ಟ ಮುಜಮ್ಮಿಲ್ ಅಂದಿದ್ದ:
"ಸುಗಲಕ್ಕಾ, ಲಿನಕ್ಸ್ ಹಾಕ್ರಿ. ಪುಕ್ಕಟ ಅದ.
ಒಳಗಿಂದೆಲ್ಲಾ ಬಿಚ್ಚಿಟ್ಟಾರ,
ಯಾರ್ ಬೇಕಾದ್ರೂ ನೋಡಬಹುದು, ತಿದ್ದಬಹುದು."
ಅಸ್ತರು ಹೊರಗ ಕಾಣೋ ಹಂಗ ಹೊಲದವರು
ಮೋಸಾ ಮಾಡಂಗಿಲ್ಲ ಅಂತ ನನ್ನ ನಂಬಿಗಿ.
"ಹಾಕು" ಅಂದೆ ಮಗನಿಗಿ.

ಮಹಾನಂದಾ ತನ್ನ ನೋಟ್ಸ್ ಹೇಳಿದಳು, ಫೋಟೋ ಹೇಳಿದಳು,
ಯಾರಿಗೂ ತೋರಸಬಾರದ ಒಂದು ಫೋಲ್ಡರ್ ಹೇಳಿದಳು.
ಇವ್ರು ಆಗಷ್ಟೇ ನಾಂದೇಡಿಗಿ ಸಿಮೆಂಟ್ ಇಳಿಸಿ ಬಂದಿದ್ರು.
"ನಂದೇನಿಲ್ಲಪಾ, ನನ್ನ ಕಾಗದೆಲ್ಲಾ ಸೀಟಿನ ಬುಡಕ ಅವ."
ನನಗ ಯಾರೂ ಕೇಳಲಿಲ್ಲ.
ಮುಂದಿನ ಬಟನ್ ಮ್ಯಾಲ ಬೆರಳು ಹೋಗಿತ್ತು.

"ತಡಿ. ನಂದೂ ಒಂದದ."
"ಅಡಗಿ ವಿಡಿಯೋ ಏನವ್ವಾ?"
"ಲಾರಿ."

ಹೇಳಲೇಬೇಕಾಯ್ತು.
ಮಧ್ಯಾಹ್ನದ ಸೈರನ್ ಆದ ಮ್ಯಾಲ,
ಇವರು ಸಾಲಿಗಿ ಹೋದ ಮ್ಯಾಲ, ಬಾಗಿಲ ಮುಂದ ಮಾಡಿ
ನಾ ಲಾರಿ ಹೊಡೀತೀನಿ.
ಹಿಮ ಬಿದ್ದ ರೋಡು, ಹಿಂದ ಇಪ್ಪತ್ತು ಟನ್ ಗಿಣ್ಣ.
ಸೋಲಾಪುರ ದಾಟಿದಾಕಿ ಅಲ್ಲ,
ರೋಟರ್‌ಡ್ಯಾಮ್ ಅಂಬೋ ಊರಿಗಿ ಮಾತ್ರ ಮೂರು ಸರ್ತಿ ಹೋಗೀನಿ.
ಒಂದು ಸರ್ತಿ ಸಿಗ್ನಲ್ ಹಾರಿಸಿ ದಂಡಾನೂ ಕಟ್ಟೀನಿ.

ವೈಜನಾಥ ಹುಡುಕಿ ತಗದ. "ಮುನ್ನೂರಾ ನಲವತ್ತು ತಾಸು!"
ಮಹಾನಂದಾನ ಬಾಯಿ ತೆರದದ್ದು ಹಂಗೇ ಇತ್ತು.
ಇವ್ರು ಚಹಾದ ಬಶಿ ಕೆಳಗಿಟ್ಟು
ಬ್ಯಾರೇ ಡ್ರೈವರಗ ಕೇಳೋ ಹಂಗ ಕೇಳಿದ್ರು:
"ರಿವರ್ಸ್ ಬರ್ತದೇನು?"
"ಬರಂಗಿಲ್ಲ," ಅಂದೆ. ಖರೇನೇ ಬರಂಗಿಲ್ಲ.

ರಾತ್ರಿ ಒಂಬತ್ತಕ್ಕ ಹಳೀದು ಅಳಿಸಿತು.
ಹೊಸದು ಮೊದಲ ಭಾಷಿ ಕೇಳಿತು.
ಪಟ್ಟಿಯೊಳಗ ಕನ್ನಡಾನೂ ಇತ್ತು, ಅದೇ ಒತ್ತಸಿದೆ.
"ಕಡತ" ಅಂದ್ರ ಏನಂತ ನನಗ ತಿಳೀಲಿಲ್ಲ,
ಕಚೇರಿ ಮಾತು. ಇರಲಿ,
ಯಾರೋ ಪುಣ್ಯಾತ್ಮ ಪಗಾರಿಲ್ಲದ ಕೂತು ಬರದಾನ.
ಅರ್ಧಕ್ಕ ಕರೆಂಟ್ ಹೋಯ್ತು. ಇನ್ವರ್ಟರ್ ಬೀಪ್ ಬೀಪ್.
ನಾಕೂ ಮಂದಿ ಉಸಿರು ಹಿಡದು
ಹಾಲು ಉಕ್ಕೋದು ಕಾಯ್ದ ಹಂಗ ಕಾಯ್ದಿವಿ.

ಬಂತು. ನನ್ನ ಲಾರಿ ಬಂತು.
ಮಹಾನಂದಾನ ಬಂದೂಕಿನ ಆಟ ಬರಲಿಲ್ಲ.
ಕಳ್ಳಾಟ ಹಿಡಿಯೋ ಕಾವಲುಗಾರ ಒಬ್ಬಾಂವ ಅದರಾಗ ಇದ್ದಾನಂತ,
ಅಂವಗ ಲಿನಕ್ಸ್ ಮ್ಯಾಲ ಸಂಶೇ, ಒಳಗ ಬಿಡವಲ್ಲ.
ಆಕಿ ಉಣಲಿಲ್ಲ. ಮಗ್ಗಲಾ ಬದಲಿಸಿ ಮಲಗಿದಳು.
"ನಿನ್ನದಾದ್ರೂ ಓಡ್ತದಲ್ಲ," ಅಂತ ಗ್ವಾಡಿಗಿ ಅಂದಳು.
ಅದಕ್ಕ ನನ್ನ ಹಂತ್ಯಾಕ ಉತ್ತರ ಇದ್ದಿಲ್ಲ, ಈಗೂ ಇಲ್ಲ.

ಹನ್ನೊಂದಾಗಿತ್ತು. ಇವ್ರು ಸ್ಟೂಲ್ ಎಳಕೊಂಡು
ನನ್ನ ಎಡಕ್ಕ ಕೂತ್ರು, ಕ್ಲೀನರ್ ಕೂಡೋ ಜಾಗಾ.
"ಕನ್ನಡಿ ನೋಡು. ಟ್ರೇಲರ್ ಬಲಕ್ಕ ಹೋಗಬೇಕಂದ್ರ
ಸ್ಟೇರಿಂಗ್ ಎಡಕ್ಕ.
ಬರ್ಲಿ. ಬರ್ಲಿ. ಲೆಫ್ಟ್ ಖಾಲಿ ಅದ, ಬರ್ಲಿ."
ಟೇಬಲ್ಲಿನ ಪಕ್ಕಡಿಗಿ ಎರಡು ಸರ್ತಿ ಬಡದ್ರು,
ಡಬ್ ಡಬ್, ನಿಲ್ಲು ಅಂತ.
ನಿಲ್ಲಲಾಕ ತಡಾ ಆಯ್ತು. ಗೋದಾಮಿನ ಗ್ವಾಡಿಗಿ ಹಾಯ್ದೆ.

"ಏನಾಗಂಗಿಲ್ಲ," ಅಂದ್ರು,
"ಮತ್ತೊಮ್ಮೆ ಮುಂದ ತಗೊಂಡ ಬಾ."