ಎಣ್ಣೆ ಕೆಳಗೆ, ಕರೆಂಟು ಮೇಲೆ

ಬೈತಖೋಲದ ಹಳೇ ಐಸ್ ಕಾರ್ಖಾನೆಯಲ್ಲಿ
ಈಗ ಐಸಿಲ್ಲ.
ಗಡ್ಡೆ ಕಟ್ಟಿಸುತ್ತಿದ್ದ ಜಾಗದಲ್ಲಿ ಒಂದು ವಿಮಾನ,
ರೆಕ್ಕೆಯೊಂದು ಗೋಡೆಗೆ ಒರಗಿದೆ, ಇನ್ನೊಂದು
ಹರಿದ ಬಲೆಯ ಅಡಿಯಲ್ಲಿ ಮಲಗಿದೆ.

ಇನಾಸ್ ಮಾಮನಿಗೆ ಬೋಟಿನ ಎಂಜಿನ್ನು ಗೊತ್ತು,
ವಿಂಚು ಗೊತ್ತು, ಎಣ್ಣೆಯ ಒತ್ತಡ ಗೊತ್ತು.
ಕರೆಂಟಿಗೆ ನಾನು.
ಅಪ್ಪನದು ಚಿನ್ನದ ಬೆಸುಗೆ, ನನ್ನದು ಸೀಸದ್ದು;
ಬೋಟುಗಳ ವೈರಿಂಗಿನಲ್ಲೇ ಹದಿನೇಳು ವರ್ಷ.
"ಆಕಾಶದ ಬೋಟು ಅಂದ್ಕೊ ಗೋ, ಉಜ್ವಲಾ."
ಅಂದುಕೊಂಡೆ.
ಆದರೆ ಬೋಟಿನಲ್ಲಿ ಜಾಗವಿರುತ್ತದೆ.

ಮೊದಲು ಎಲ್ಲವನ್ನೂ ರಟ್ಟಿನಲ್ಲಿ ಮಾಡಿದೆವು.
ಬಿಸ್ಕಿಟ್ ಪೆಟ್ಟಿಗೆ ಕತ್ತರಿಸಿ ಬ್ಯಾಟರಿ,
ಸಾಬೂನಿನ ಪೆಟ್ಟಿಗೆ ಪಂಪು,
ಕೆಮ್ಮಿನ ಔಷಧದ ಡಬ್ಬಿ ರಿಲೇ.
ತೂಕವಿಲ್ಲದ ಯಂತ್ರಗಳನ್ನು ಹೊಟ್ಟೆಯೊಳಗಿಟ್ಟು
ಒಂದು ವಾರ ಸುಮ್ಮನೆ ನೋಡಿದೆವು,
ಹೆಣ್ಣು ನೋಡಲು ಬಂದು
ಚಾ ತಣ್ಣಗಾದರೂ ಏಳದವರ ಹಾಗೆ.

"ಪಂಪು ಮೇಲಿರಲಿ, ಎಣ್ಣೆ ತಾನಾಗೇ ಇಳೀತದೆ."
ಇಳೀತದೆ. ನನ್ನ ತಂತಿಗಳ ಮೇಲೂ ಇಳೀತದೆ.
ಸೋರದ ನಟ್ಟು ಒಂದೇ ಒಂದು ತೋರಿಸಿ ಮಾಮ,
ನಿಮ್ಮ ನಲವತ್ತು ವರ್ಷದಲ್ಲಿ.
ಅವರು ಬೀಡಿ ಹುಡುಕಿದರು.
ಪೆಟ್ರೋಲ್ ಟ್ಯಾಂಕು ಕಂಡು ಕಿವಿಗೇ ಸಿಕ್ಕಿಸಿಕೊಂಡರು.

ಮರುದಿನ ಸಾಬೂನಿನ ಪೆಟ್ಟಿಗೆ ಕೆಳಗೆ ಬಂದಿತ್ತು.
ಯಾರೂ ಏನೂ ಹೇಳಲಿಲ್ಲ.

ನಿಜದ ಪಂಪು ಬಂದಾಗ, ಅದರ ಹಿಂದಿನ ನಟ್ಟಿಗೆ
ಅವರ ಕೈ ಹೋಗಲಿಲ್ಲ.
ವಿಂಚು ಕಚ್ಚಿ ಬಿಟ್ಟ ಹೆಬ್ಬೆರಳು, ದಪ್ಪ ಗೆಣ್ಣು.
ಬಳೆ ತೆಗೆದ ಮೇಲೆ ನನ್ನದು ಹೋಯಿತು.
"ಸಾಕಲ್ಲ, ನಿನ್ನ ಕೈ ಹೋಗ್ತದೆ."
ಸಾಲದು. ನಾನಿಲ್ಲದ ದಿನವೇ ಕೆಡುವುದು ಯಂತ್ರದ ಸ್ವಭಾವ.
ಕಿಂಡಿಯನ್ನು ಎರಡು ಬೆರಳು ಅಗಲ ಮಾಡಿಸಿದೆ.

ಮೂರು ಚಕ್ರಕ್ಕೆ ಮೂರು ತೂಕದ ಯಂತ್ರ,
ಮೀನು ಮಾರ್ಕೆಟ್ಟಿನಿಂದ ಸಂತಾನ್ ಹೊತ್ತು ತಂದದ್ದು,
ತಟ್ಟೆಗೆ ಅಂಟಿದ ಬಂಗಡೆಯ ವಾಸನೆ
ಹುಳಿ ಹಾಕಿ ತಿಕ್ಕಿದರೂ ಹೋಗದು.
ಮೂಗು ಭಾರ.
ಬ್ಯಾಟರಿಯನ್ನು ಒಂದು ಮೊಳ ಹಿಂದೆ ಸರಿಸಿದೆ.
ತಂತಿ ಒಂದು ಮೊಳ ಬೆಳೆಯಿತು.
ತಾಮ್ರಕ್ಕೂ ತೂಕವಿದೆ:
ಹದಿನೇಳು ವರ್ಷ ಹೆಗಲ ಮೇಲೆ ಹೊತ್ತವಳಿಗೆ
ಅಂದು ಗೊತ್ತಾಯಿತು.

ಕಂಪಾಸು ಮುಳುಗಿದ ಬೋಟಿನದು. ಅವರ ಅಣ್ಣನ ಬೋಟು.
ಬೇರೆ ಹಾಕೋಣ ಎನ್ನಲು ಬಾಯಿ ಬರಲಿಲ್ಲ.
ದೀಪದ ಸ್ವಿಚ್ಚು ಒತ್ತಿದೆ, ಮುಳ್ಳು ಹೊರಳಿತು,
ಸದಾಶಿವಗಡದ ಮೇಲಿದ್ದ ಉತ್ತರ
ಸಮುದ್ರಕ್ಕೆ ಜಾರಿತು.
ಬೆಳಕು ಹಚ್ಚಿದರೆ ದಿಕ್ಕು ತಪ್ಪುವ ವಿಮಾನ!
ಇನಾಸ್ ಮಾಮ ಶಿಲುಬೆ ಮುಟ್ಟಿಕೊಂಡರು.
ನಾನು ಹೋಗುವ ತಂತಿಗೆ ಬರುವ ತಂತಿಯನ್ನು ಹೊಸೆದೆ,
ಶಾಲೆಯ ಗಂಟೆ ಹೊಡೆದ ಮೇಲೆ ಮಗಳಿಗೆ ಹಾಕುವ ಜಡೆಯಂತೆ,
ಸಿಟ್ಟಿನಲ್ಲಿ, ಬಿಗಿಯಾಗಿ.
ಒಂದರ ಸೆಳೆತವನ್ನು ಇನ್ನೊಂದು ನುಂಗಿತು.
ಉತ್ತರ ಬಂದು ಗಡದ ಮೇಲೆ ಕೂತಿತು.

ನಿನ್ನೆ ಜಾಕಿನ ಮೇಲೆ ಏರಿಸಿ ಮೊದಲ ಸಲ ಸ್ವಿಚ್ಚು ಹಾಕಿದೆವು.
ಪಂಪು ಗೊರ್ರೆಂದಿತು.
ಎಡಗಾಲು ಮಡಚಿತು.
ಬಲಗಾಲು ಸ್ವಲ್ಪ ಯೋಚಿಸಿ ಮಡಚಿತು.
ಸಂತಾನ್ ಚಪ್ಪಾಳೆ ಹೊಡೆದ.

ಮಾಮ ಹೊಡೆಯಲಿಲ್ಲ. ಹೊಟ್ಟೆಯ ಮುಚ್ಚಳ ತೆಗೆದು
ಟಾರ್ಚು ಹಿಡಿದು ಅಡಿಯಲ್ಲಿ ಮಲಗಿದರು.
ಪಕ್ಕದಲ್ಲಿ ನಾನು, ಉಪ್ಪು ಕುಡಿದ ಸಿಮೆಂಟಿನ ಮೇಲೆ.
ತುಂಬಾ ಹೊತ್ತು ಏನೂ ಇಲ್ಲ.
ಹೊರಗೆ ಧಕ್ಕೆಗೆ ಬೋಟುಗಳು ಹಿಂತಿರುಗುವ ಸದ್ದು,
ಹಗ್ಗ ಎಸೆಯುವವರ ಕೂಗು.
ಆಮೇಲೆ ಒಂದು ನಟ್ಟಿನ ತುದಿಯಲ್ಲಿ
ಕೆಂಪಗೆ ಏನೋ ದಪ್ಪವಾಯಿತು,
ನಿಂತಿತು,
ಬಿತ್ತು.

ತಂತಿಯ ಮೇಲಲ್ಲ.
ಅವರ ಹಣೆಯ ಮೇಲೆ.
"ಬೀಳೋ ಜಾಗಕ್ಕೇ ಬಿತ್ತು" ಎಂದರು ಮಾಮ,
ಒರೆಸಿಕೊಳ್ಳದೆ,
"ಹದಿನಾಲ್ಕರ ಪಾನಾ ಕೊಡು."