ಗೀಟು

ಕಲಬುರಗಿಯ ಗಂಜಿನಲ್ಲಿ, ಅಡತ್ ಅಂಗಡಿಯ ಮೇಲೆ ನಮ್ಮ ಆಫೀಸು.
ಮೂರು ಮೇಜು, ಒಂದು ಕೂಲರು,
ಗೋಡೆ ತುಂಬ ಹಳದಿ ಚೀಟಿ.
ತೊಗರಿಯ ಧೂಳು ಕೀಬೋರ್ಡಿನ ಸಂದಿಗೂ ಬಂದು ಕೂರುತ್ತದೆ,
ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಹಮಾಲರ ಸಂಘದ ಅಂಬಾರಾಯ ಕೇಳಿದ್ದು ಒಂದೇ:
"ಯಾರ್ ಎಷ್ಟ್ ಚೀಲ ಹೊತ್ತಾರ, ಅಷ್ಟ್ ಗೊತ್ತಾದ್ರ ಸಾಕ್ರಿ.
ಸಂಜಿಗಿ ಜಗಳ ಆಗಬಾರ್ದು ನೋಡ್ರಿ."
ಬರೆದುಕೊಂಡೆ. ಬರೆದುಕೊಳ್ಳುವಾಗಲೇ
ಕೈ ಸುಮ್ಮನಿರಲಿಲ್ಲ.

ಮೊದಲ ಎರಡು ವಾರಕ್ಕೆ ಎಣಿಕೆ.
ಮುಂದಿನ ಸ್ಪ್ರಿಂಟಿಗೆ ತಸ್ಲೀಮಾಳ ಗ್ರಾಫು,
ಬೆನ್ನ ಮೇಲಿನ ಭಾರ ನೀಲಿ ಕಂಬಗಳಾಗಿ ಏಳುವುದು.
ಆಮೇಲೆ ಹವಾಮಾನ. ಆಮೇಲೆ ಹೆಚ್ಚು ಹೊತ್ತವನಿಗೊಂದು ಕಿರೀಟ.
ಆಮೇಲೆ ನನ್ನದು: ಕನ್ನಡ, ಉರ್ದು, ಮರಾಠಿ, ತೆಲುಗು
ನಾಲ್ಕರಲ್ಲೂ ಮಾತಾಡುವ ದನಿ.
ರಾತ್ರಿಗೆಂದೇ ಒಂದು ಕಪ್ಪು ಪರದೆ;
ರಾತ್ರಿ ಗಂಜು ಮುಚ್ಚಿರುತ್ತದೆ ಅಂತ
ಒಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ನಿಂತೇ ಮುಗಿಸುವ ಮೀಟಿಂಗಿನಲ್ಲಿ
"ಇದೊಂದು ಇರಲಿ" ಅಂದವರು ಯಾರು, ಈಗ ನೆನಪಿಲ್ಲ.
ಇರಲಿ ಅನ್ನುವುದಕ್ಕೆ ಏನು ಖರ್ಚು?
ಉಂಡು ಮುಗಿಸಿದವನ ತಟ್ಟೆಗೆ ಹೋಳಿಗೆ ಹಾಕಿದ ಹಾಗೆ,
ಬೇಡವೆಂದು ಅಡ್ಡ ಹಿಡಿದ ಕೈಯ
ಬೆರಳ ಸಂದಿಯಿಂದಲೇ ಹಾಕಿದ ಹಾಗೆ.

ಮಾರ್ಚಿನ ಒಂದು ಮಧ್ಯಾಹ್ನ ಕೆಳಗಿಳಿದೆವು, ಫೋನು ಹಿಡಿದು.
ಬಿಸಿಲು ನೆತ್ತಿಯಿಂದ ಹಿಮ್ಮಡಿಗೆ ನೇರ ಇಳಿಯುತ್ತಿತ್ತು.
ಭೀಮಶಾ ಅನ್ನುವವನಿಗೆ ಕೊಟ್ಟೆವು.
ಹೆಗಲ ಮೇಲೆ ಚೀಲ, ಬಲಗೈಲಿ ಕೊಕ್ಕೆ,
ಖಾಲಿ ಇದ್ದದ್ದು ಎಡಗೈಯ ಹೆಬ್ಬೆರಳು ಮಾತ್ರ.
ಅದು ಕಿರೀಟವನ್ನು ಮುಟ್ಟಿತು, ಹವಾಮಾನವನ್ನು ತೆರೆಯಿತು,
ಫೋನು ಮರಾಠಿಯಲ್ಲಿ ನಮಸ್ಕಾರ ಹೇಳಿತು.
ಹಿಂದೆ ಆರು ಜನ ಚೀಲ ಹೊತ್ತು ನಿಂತಿದ್ದರು.

"ಅಕ್ಕೋರೆ, ಇದನ್ನೊಂದೀಟು ಹಿಡೀರಿ."
ಫೋನು ನನ್ನ ಕೈಗಿಟ್ಟು
ಕಂಬದ ಮೇಲೆ ಇದ್ದಲಿನಿಂದ ಒಂದು ಗೀಟೆಳೆದು ಹೋದ.
ಮತ್ತೆ ಬಂದ, ಮತ್ತೊಂದು.
ನಾಲ್ಕು ನಿಂತ ಗೀಟು, ಐದನೆಯದು ಅಡ್ಡ.
ಒಮ್ಮೆ ತಪ್ಪಿ ಎರಡು ಎಳೆದ;
ಅಂಗೈಯ ಬೆವರಿನಲ್ಲೇ ಒಂದನ್ನು ಒರೆಸಿದ.

ಒರೆಸುವುದು ನಮ್ಮಲ್ಲಿ ಇರಲಿಲ್ಲ.
ಅದು ಗೋಡೆಯ ಕಟ್ಟಕಡೆಯ ಚೀಟಿಯಲ್ಲಿತ್ತು,
ಕೂಲರಿನ ಗಾಳಿಗೆ ಒಂದು ಮೂಲೆ ಎದ್ದು.

ಮೇಲೆ ಬಂದು ಯಾರೂ ಮಾತಾಡಲಿಲ್ಲ.
ಅಳಿಸಲು ಮೊದಲು ಕೂತವಳು ತಸ್ಲೀಮಾ.
ಹತ್ತೊಂಬತ್ತು ರಾತ್ರಿಯ ಗ್ರಾಫು,
ಅದರಲ್ಲೊಂದು ರಾತ್ರಿ ಮಗುವಿಗೆ ಜ್ವರ, ಇವಳು ಇಲ್ಲಿ.
"ಚೆನ್ನಾಗಿತ್ತು" ಅಂದೆ.
"ಚೆನ್ನಾಗೇ ಇತ್ತು. ಯಾರಿಗಿ ಬೇಕಾಗಿತ್ತು ಅಂತ
ಮೊದಲ ಕೇಳಬೇಕಿತ್ತು."
ಹೆಗಲ ಮೇಲೆ ಕೈಯಿಡಬೇಕೆನಿಸಿತು. ಇಡಲಿಲ್ಲ.
ನನ್ನ ನಾಲ್ಕು ದನಿಗಳನ್ನು ನಾನೇ ತೆಗೆದೆ.
ತೆಲುಗಿನದು ಸೇಡಂ ಕಡೆಯ ನಮ್ಮ ಚಿಕ್ಕಮ್ಮನದು;
ಒಮ್ಮೆ ಪೂರ್ತಿ ಕೇಳಿ, ಆಮೇಲೆ.

ಈಗ ಪರದೆಯ ಮೇಲೆ ಎರಡೇ:
ಎಂಥ ಒರಟು ಬೆರಳಿಗೂ ಸಿಗುವಷ್ಟು ದೊಡ್ಡದೊಂದು ಗೀಟು,
ಅದರ ಕೆಳಗೆ, ಒರೆಸು.
ಅಂಬಾರಾಯ ತಿರುಗಿಸಿ ಮುರುಗಿಸಿ ನೋಡಿದ:
"ಇಷ್ಟಕ್ಕ ಐದ್ ತಿಂಗಳ ಬೇಕಾದ್ವೇನ್ರಿ?"
ಎರಡು ವಾರ, ಅಂದೆ. ಉಳಿದದ್ದು ನಮ್ಮ ಹುಕಿ.

ಕಳೆದ ಶುಕ್ರವಾರ ಸಂಜೆ ಒಬ್ಬಳೇ ಇದ್ದೆ.
ಗೀಟು ಒತ್ತಿದಾಗ ಸಣ್ಣಗೆ ಹಸಿರು ಮಿನುಗಿದರೆ?
ಅರ್ಧ ಗಂಟೆಯ ಕೆಲಸ.
ಮಾಡಿದೆ. ನೋಡಿದೆ. ಚಂದ ಇತ್ತು.
ತೆಗೆದು, ಕಿಟಕಿ ಹಾಕಿ,
ಇನ್ನೂ ಬೆಳಕಿರುವಾಗಲೇ ಮನೆಗೆ ಹೋದೆ.

ಇಲ್ಲಿ ಇನ್ನೊಂದು ಚರಣ ಇತ್ತು,
ಪಕ್ಕದ ದಾಲ್ ಮಿಲ್ಲು, ಸಿಪ್ಪೆ ಬಿಟ್ಟ ಬೇಳೆ, ಹಾಗೆಲ್ಲ.
ಒರೆಸಿದೆ.
ಸ್ವಲ್ಪ ಮಸಿ ಉಳಿದಿದೆ.