ಹಗ್ಗದ ಈ ತುದಿ

ಭಾನುವಾರ ಬೆಳಿಗ್ಗೆ ಎಂಟಕ್ಕೆ
ಬೆಟ್ಟದ ನೆತ್ತಿಯ ಹುಲ್ಲಿನಿಂದ ಮೊದಲು ಕುರಿ ಅಟ್ಟಬೇಕು.
ಹಾರುವ ವಿದ್ಯೆಯ ಮೊದಲ ಪಾಠ ಅದೇ:
ಹಿಕ್ಕೆ ತುಳಿಯದೆ ಓಡುವುದು.

ಆನ್ವೆನ್, ಹದಿನಾಲ್ಕರ ಹುಡುಗಿ,
ಬಸ್ಸಿಳಿದು ಎರಡು ಮೈಲಿ ಏರು ನಡೆದು ಬಂದಳು
ಅಣ್ಣನ ಬೂಟು ಮೆಟ್ಟಿಕೊಂಡು.
ಮೂರು ವಾರ ಮಂಜು. ಯಾರೂ ಏರಲಿಲ್ಲ.
ಹ್ಯಾಂಗರು ಗುಡಿಸಿದಳು, ರೆಕ್ಕೆ ಒರೆಸಿದಳು.
ಇಲ್ಲಿ ಸಂಬಳ ಯಾರಿಗೂ ಇಲ್ಲ, ಎಂದೆ.
ಹಾಗಾದ್ರೆ ನೀವೆಲ್ಲ ಯಾಕೆ ಬರ್ತೀರಿ, ಅಂದಳು.
ನಾನು ಚಹಾ ಊದುತ್ತ ಕೂತೆ.

ನಾನು ಎಮ್ಲಿನ್. ಹಾರಿಸುವವನು, ಹಾರುವವನಲ್ಲ.
ಮೈದಾನದ ಈ ಕೊನೆಯಲ್ಲಿ, ತಂತಿಬಲೆಯ ಗೂಡಿನಲ್ಲಿ,
ಹಳೇ ಲಾರಿಯ ಎಂಜಿನ್ ಜೊತೆ ನನ್ನ ಸಂಸಾರ.
ಆ ಕೊನೆಗೆ, ಒಂದು ಕಿಲೋಮೀಟರ್ ಆಚೆ,
ಉಗುರಿನಷ್ಟು ಬಿಳುಪು: ಗ್ಲೈಡರ್.
ಮುಖ ಕಾಣುವುದಿಲ್ಲ, ದೀಪ ಕಾಣುತ್ತದೆ.
ತಡೆದು ತಡೆದು ಮಿನುಗಿದರೆ ಸಡಿಲ ಎಳೆ,
ಬಿಡದೆ ಮಿನುಗಿದರೆ ಎಳೆದುಬಿಡು,
ಉರಿದೇ ನಿಂತರೆ ನಿಲ್ಲಿಸು.

ಅಪ್ಪನೂ ಹಗ್ಗದವನೇ.
ಕೆಳಗಿನ ಕಣಿವೆಯ ಗಣಿಯಲ್ಲಿ, ರಾಟೆಮನೆಯಲ್ಲಿ,
ಗಂಡಸರನ್ನು ಪಂಜರ ತುಂಬಿಸಿ ಕತ್ತಲಿಗಿಳಿಸಿ
ಸಂಜೆ ಎಣಿಸಿ ಮೇಲಕ್ಕೆ ತೆಗೆಯುತ್ತಿದ್ದ.
ಅವನಿಗೂ ಮುಖ ಕಾಣುತ್ತಿರಲಿಲ್ಲ, ಗಂಟೆ ಕೇಳುತ್ತಿತ್ತು.
ಮೂರು ಸಲ ಬಾರಿಸಿದರೆ ಒಳಗಿರುವುದು ಕಲ್ಲಿದ್ದಲಲ್ಲ,
ಮನುಷ್ಯರು. ಮೆತ್ತಗೆ.
ಊಟಕ್ಕೆ ಕೂತರೂ ಅವನ ಎಡಗೈ
ಮೇಜಿನ ಮೇಲೆ ಕಾಣದ ಬ್ರೇಕು ಹಿಡಿದೇ ಇರುತ್ತಿತ್ತು.
ಗಣಿ ಮುಚ್ಚಿತು.
ಆ ಮುಷ್ಟಿ ತೆರೆಯಲಿಲ್ಲ.

ಅರವತ್ತು ಸಲ ಎಳೆದಿದ್ದೇನೆ ಈ ಹುಡುಗಿಯನ್ನು,
ಬೆನ್ನಿಗೆ ಟೆಕ್ವಿನ್: ಬಸ್ ಓಡಿಸಿ ನಿವೃತ್ತನಾದವನು,
ತೊಂಬತ್ತೈದು ಕಿಲೋ, ಬೈಯುವಾಗಲೂ ‘ಚಿನ್ನಾ’ ಅನ್ನುವವನು.
ಅವಳೋ ತೀರ ಹಗುರ.
ಸೀಟಿನಡಿ ಸೀಸದ ಹಲಗೆ ಇಟ್ಟು ತಿರುಪು ಬಿಗಿಯಬೇಕು.
ಹಾರೋದಕ್ಕೂ ಭಾರ ಬೇಕಾ, ಎಂದು ನಕ್ಕಳು.
ಒಂದು ದಿನ ಅರ್ಧ ಏರಿದ್ದಾಗ, ಬೇಕೆಂದೇ,
ಹಗ್ಗ ಕಳಚಿದ ಅವನು.
ಮೂಗು ಕೆಳಗೆ, ಚಿನ್ನಾ! ಮೊದಲು ಮೂಗು ಕೆಳಗೆ, ಅಳು ಆಮೇಲೆ!
ಅಳಲಿಲ್ಲ. ಇಳಿದು ಬೇಲಿಯ ಪಕ್ಕ ವಾಂತಿ ಮಾಡಿ
ಬಾಯಿ ತೊಳೆದು
ಮತ್ತೆ ಸರದಿಯಲ್ಲಿ ನಿಂತಳು.

ಅಕ್ಟೋಬರ್. ಪಡುವಣ ಗಾಳಿ, ತಳ ಸಪಾಟಾದ ಮೋಡ.
ರೇಡಿಯೋ ಗೊರಗುಟ್ಟಿತು:
‘ಎರಡು ಸೀಟಿನದು. ಒಬ್ಬರೇ.’
ಟೆಕ್ವಿನ್ನನ ದನಿ.
ಟೆಕ್ವಿನ್ ನೆಲದ ಮೇಲಿದ್ದರೆ
ಹಿಂದಿನ ಸೀಟಿನಲ್ಲಿ ಯಾರು?
ಯಾರೂ ಇಲ್ಲ. ಅಲ್ಲಿ ಪಟ್ಟಿಗಳನ್ನು ಬಿಗಿದು ಕಟ್ಟಿರುತ್ತಾರೆ,
ಖಾಲಿ ಜಾಗ ಅಲುಗಾಡದಂತೆ.

ದೀಪ ತಡೆಯಿತು, ಮಿನುಗಿತು, ತಡೆಯಿತು.
ಹುಲ್ಲಿನಲ್ಲಿ ಮಲಗಿದ್ದ ಹಗ್ಗ ನೆಟ್ಟಗಾಯಿತು.
ಆಮೇಲೆ ಬಿಡದೆ, ಬಿಡದೆ.
ಕೈ ತಾನಾಗಿ ಒಂದಿಷ್ಟು ಕಮ್ಮಿ ಒತ್ತಿತು,
ನನ್ನ ಕೈಯೋ, ಅವನದೋ.
ಅವಳೊಬ್ಬಳ ತೂಕ
ಒಂದು ಕಿಲೋಮೀಟರ್ ಉಕ್ಕಿನಗುಂಟ ನಡೆದು ಬಂದು
ನನ್ನ ಮೊಣಕೈಗೆ ತಾಗಿತು.

ಸಾವಿರದ ಮುನ್ನೂರು ಅಡಿಯಲ್ಲಿ ಬಿಟ್ಟಳು.
ಪುಟ್ಟ ಪ್ಯಾರಾಚೂಟ್ ಅರಳಿಸಿಕೊಂಡು
ಹಗ್ಗ ಮಾತ್ರ ನನ್ನ ಕಡೆಗೆ ಇಳಿಯಿತು. ಸುತ್ತಿಕೊಂಡೆ.
ಎಂಜಿನ್ ನಿಲ್ಲಿಸಿ, ಗೂಡಿನಿಂದ ಹೊರಬಂದು, ಕತ್ತೆತ್ತಿ
ಎಣಿಸಿದೆ: ಒಂದು.
ಐದು ನಿಮಿಷ ಅದೊಂದನ್ನೇ ಎಣಿಸಿದೆ.

ಚಕ್ರ ಹುಲ್ಲು ಮುಟ್ಟಿ, ಒಮ್ಮೆ ಎಗರಿ, ಕೂತಿತು.
ರೆಕ್ಕೆ ವಾಲಿ ನೆಲಕ್ಕೆ ಒರಗಿತು.
ಅಣ್ಣನ ಬೂಟು ಟಪಟಪ ಬಡಿಯುತ್ತ
ನನ್ನತ್ತ ಓಡಿ ಬರುತ್ತಿದ್ದಾಳೆ ಎಂದುಕೊಂಡು
ಟೋಪಿ ತೆಗೆದೆ, ಹೇಳಲು ಒಂದು ಮಾತು ಹುಡುಕಿದೆ.
ನನ್ನನ್ನು ದಾಟಿ ಓಡಿದಳು, ಎರಡೂ ಕೈ ಚಾಚಿ.
ಬೇಲಿ ತೂರಿ ಮತ್ತೆ ಬಂದಿದ್ದವು ಕುರಿಗಳು,
ಅತ್ತ ಕೊನೆಯಲ್ಲಿ
ಮುಂದಿನ ಹುಡುಗ ಕಾಯುತ್ತಿದ್ದ.